ತಾವೆಳೆದ ಗೆರೆಯನ್ನು ತಾವೇ ತಿದ್ದಿದವರು

ಮಾರಾಟ ತೆರಿಗೆಯ ಕಾನೂನನ್ನು ಅರೆದು ಕುಡಿದವರು ನಮ್ಮ ಇಲಾಖೆಯಲ್ಲಿ ಹಲವರು ಆಗಿಹೋಗಿದ್ದಾರೆ. ಲೆಕ್ಕದಲ್ಲಿ ನಿಪುಣರಾದವರು ಅವರಿಗಿಂತಲೂ ಹೆಚ್ಚು. ಆದರೆ ಒಂದು ಅಂಗಡಿಯ ಹೊಸ್ತಿಲು ಯಾವ ಊರಿನ ನೆಲದ ಮೇಲಿದೆಯೆಂಬುದನ್ನು ತಮ್ಮ ಕಾಲಿನಿಂದ ನಡೆದೇ ತಿಳಿಯಬೇಕೆಂದು ನಂಬಿ, ಮೂವತ್ತನಾಲ್ಕು ವರ್ಷಗಳ ಸೇವೆಯುದ್ದಕ್ಕೂ ಬಿಸಿಲು ಚಳಿಯೆನ್ನದೆ ಹಾಗೆಯೇ ನಡೆದವರು ನಾನು ಕಂಡಂತೆ ಒಬ್ಬರೇ. ನಕ್ಷೆ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕಚೇರಿಯ ಕಡತಗಳು ಅವರ ಹುದ್ದೆಯಿಂದ ಗುರುತಿಸುತ್ತವೆ. ಅಂಗಡಿ ಬೀದಿಗಳು ಮಾತ್ರ "ಗಡಿಯಮ್ಮ" ಎಂದೇ ಕರೆದವು. ಈ ಅಭಿನಂದನ ಗ್ರಂಥದಲ್ಲಿ ಅವರ ಆಡಳಿತ ಕೌಶಲವನ್ನು ಕುರಿತು ನನಗಿಂತ ಬಲ್ಲವರು ಬರೆದಿದ್ದಾರೆ. ನಾನು ನನ್ನ ಕಣ್ಣಾರೆ ಕಂಡದ್ದನ್ನು, ಅದರಲ್ಲಿ ನನ್ನ ಪಾಲಿನ ನಾಚಿಕೆಯನ್ನೂ ಸೇರಿಸಿ, ಹೇಳಲು ಹೊರಟಿದ್ದೇನೆ.

ಮೊದಲು ಅವರ ಕೆಲಸವೇನೆಂಬುದನ್ನು ಹೇಳಿಬಿಡಬೇಕು. ಗಿರಾಕಿ ಒಂದು ವಸ್ತುವನ್ನು ಕೊಂಡಾಗ ಅದರ ಬೆಲೆಯ ಮೇಲೆ ನೂರಕ್ಕೆ ಇಷ್ಟೆಂದು ತೆರಿಗೆ ಕೊಡುತ್ತಾನೆ. ಅದು ಅಂಗಡಿಯವರ ಹಣವಲ್ಲ. ಅವರು ಅದನ್ನು ಜನರಿಂದ ಪಡೆದು, ಕೂಡಿಟ್ಟು, ತಿಂಗಳಿಗೊಮ್ಮೆ ನಮ್ಮ ಇಲಾಖೆಗೆ ಒಪ್ಪಿಸುವವರು. ರಾಜ್ಯದ ದರ ಎಲ್ಲ ಕಡೆಯೂ ಒಂದೇ. ಅದರ ಮೇಲೆ ಪ್ರತಿಯೊಂದು ಊರಿಗೂ ತನ್ನ ಸಭೆಯಲ್ಲಿ ನಿಶ್ಚಯಿಸಿಕೊಂಡ ತನ್ನದೇ ಪುಟ್ಟ ದರವಿರುತ್ತದೆ. ಕೆಲವು ಕಡೆ ಆಸ್ಪತ್ರೆಗೆಂದೋ ಬಸ್ಸುಗಳಿಗೆಂದೋ ಇನ್ನೂ ಅರ್ಧ ಸೇರಿರುತ್ತದೆ. ರಸೀದಿಯಲ್ಲಿ ಇವೆಲ್ಲ ಕೂಡಿ ಒಂದೇ ಸಾಲಾಗಿ ಕಾಣುವುದರಿಂದ ಕೊಟ್ಟವನಿಗೆ ಒಂದೇ ತೆರಿಗೆಯೆನಿಸುತ್ತದೆ. ನಮ್ಮಲ್ಲಿಗೆ ಬಂದ ಮೇಲೆ ಅದು ಕವಲೊಡೆಯುತ್ತದೆ: ರಾಜ್ಯದ ಪಾಲು ಖಜಾನೆಗೆ, ಊರಿನ ಪಾಲು ಮರಳಿ ಆಯಾ ಊರಿಗೆ. ಬೀದಿದೀಪ, ವಾಚನಾಲಯ, ಅಗ್ನಿಶಾಮಕ ಠಾಣೆ, ಇವೆಲ್ಲ ನಡೆಯುವುದು ಹೀಗೆ ಮರಳಿದ ಪಾಲಿನಿಂದ. ಆದ್ದರಿಂದ ಅಂಗಡಿ ಯಾವ ಊರಿನದೆಂಬ ಪ್ರಶ್ನೆ ಬರೀ ವಿಳಾಸದ ಪ್ರಶ್ನೆಯಲ್ಲ. ನಕ್ಷೆಯ ಗೆರೆ ಒಂದು ಗೇಣು ಅತ್ತಿತ್ತ ಸರಿದರೆ ಒಂದು ಊರಿನ ಪಾಲು ಸದ್ದಿಲ್ಲದೆ ಇನ್ನೊಂದು ಊರಿಗೆ ಹರಿದುಹೋಗುತ್ತದೆ. ರಾಜ್ಯದ ಇನ್ನೂರ ಹದಿನಾಲ್ಕು ಊರುಗಳ ಅಂಥ ಗೆರೆಗಳನ್ನು ಕಾಯುವುದು ಅವರ ಕೆಲಸವಾಗಿತ್ತು.

ಅವರು ಸೇರಿದ ನಾಲ್ಕು ವರ್ಷಗಳ ನಂತರ ನಾನು ಹಂಚಿಕೆ ವಿಭಾಗಕ್ಕೆ ಬಂದೆ. ಊರುಗಳಿಗೆ ಅವುಗಳ ಪಾಲನ್ನು ಕಳಿಸುವುದು ನನ್ನ ಕೆಲಸ. ಅವರ ಕೋಣೆ ಮೂರನೆಯ ಮಹಡಿಯಲ್ಲಿ, ಉತ್ತರದ ಕಿಟಕಿಯ ಪಕ್ಕ; ಬಾಗಿಲಿನಷ್ಟು ದೊಡ್ಡ ಮೇಜು, ಅದರ ಕೆಳಗೆ ನಕ್ಷೆಗಳನ್ನು ಮಡಿಸದೆ ಇಡುವ ಅಗಲವಾದ ಡ್ರಾಯರುಗಳು, ಗೋಡೆಗೆ ಒರಗಿಸಿದ ಎರಡು ಜೊತೆ ಸವೆದ ಬೂಟುಗಳು, ಯಾವಾಗಲೂ ಅಂಟು ಮತ್ತು ಪೆನ್ಸಿಲ್ ಹೆರೆದ ವಾಸನೆ. ಮೊದಲ ದಿನವೇ ನಾನು ಒಂದು ಬೇಕರಿಯ ಕಡತ ಹಿಡಿದು ಅಲ್ಲಿಗೆ ಹೋಗಿದ್ದೆ. ಆ ಬೇಕರಿಯಲ್ಲಿ ಬ್ರೆಡ್ಡನ್ನು ಮನೆಗೊಯ್ದರೆ ತೆರಿಗೆಯಿಲ್ಲ, ಅಲ್ಲೇ ಕೂತು ತಿಂದರೆ ತೆರಿಗೆಯುಂಟು. ಒಬ್ಬ ಗಿರಾಕಿ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗಿಟ್ಟು ತಿಂದು, ಅರ್ಧ ತೆರಿಗೆ ಮಾತ್ರ ಕೊಡುತ್ತೇನೆಂದು ಜಗಳ ತೆಗೆದಿದ್ದ. ನಾನು ಗಂಭೀರವಾಗಿ ಅವರ ಅಭಿಪ್ರಾಯ ಕೇಳಿದೆ.

"ಬಾಯಿ ಯಾವ ಕಡೆ ಇತ್ತು ಅಂತ ಕೇಳಿದ್ರಾ?" ಎಂದರು ಅವರು, ಅಷ್ಟೇ ಗಂಭೀರವಾಗಿ.

ನಾನು ಟಿಪ್ಪಣಿ ಪುಸ್ತಕ ತೆಗೆದು ಅದನ್ನು ಬರೆದುಕೊಳ್ಳತೊಡಗಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

ಅಂಗಡಿಯವರು ನಮ್ಮ ನೋಟೀಸುಗಳನ್ನು ಕಂಡು ಹೌಹಾರುವುದನ್ನು ನೋಡಿ, ಮಾರಾಟ ತೆರಿಗೆಯನ್ನು ಒಂದೇ ಹಾಳೆಯಲ್ಲಿ ತಿಳಿಯಾಗಿ ವಿವರಿಸುವ ಕೈಪತ್ರವನ್ನು ಅವರು ತಮ್ಮ ಬಿಡುವಿನಲ್ಲಿ ಸಿದ್ಧಪಡಿಸಿದರು. ಅದನ್ನು ಓದಿದ ನಮ್ಮ ಕಾನೂನು ಅಧಿಕಾರಿಗಳು ಎರಡು ವಾರ ಇಟ್ಟುಕೊಂಡು, ಕೊನೆಗೆ, "ಇದು ಎಲ್ಲರಿಗೂ ಅರ್ಥವಾಗಿಬಿಡುತ್ತಲ್ಲ!" ಎಂದು ಆಕ್ಷೇಪ ಎತ್ತಿದರು. ಗಡಿಯಮ್ಮನವರು ಅದನ್ನೇ ಒಪ್ಪಿಗೆಯೆಂದು ತಿಳಿದು ಅಚ್ಚಿಗೆ ಕಳಿಸಿದರು. ಇಂದಿಗೂ ಎಷ್ಟೋ ಅಂಗಡಿಗಳ ಗಲ್ಲಾದ ಹಿಂದೆ ಆ ಹಾಳೆ ಅಂಟಿಸಿರುವುದನ್ನು ನಾನು ಕಂಡಿದ್ದೇನೆ.

ನನ್ನ ಮೇಲಿರುವ ಅವರ ಒಂದು ಋಣವನ್ನೂ ಇಲ್ಲಿ ಹೇಳಬೇಕು. ನನ್ನ ಸೇವೆಯ ಮೂರನೆಯ ವರ್ಷದಲ್ಲಿ, ಹೆಸರು ಹೆಚ್ಚುಕಡಿಮೆ ಒಂದೇ ಆಗಿರುವ ಎರಡು ಊರುಗಳನ್ನು ಅದಲುಬದಲು ಮಾಡಿ ಒಂದರ ಪಾಲನ್ನು ಇನ್ನೊಂದಕ್ಕೆ ಕಳಿಸಿಬಿಟ್ಟಿದ್ದೆ. ಬೆವತು ನೀರಾಗಿ ಅವರ ಕೋಣೆಗೆ ಓಡಿದೆ. ಅವರು ಕುರ್ಚಿ ತೋರಿಸಿ, ನೀರು ಕೊಟ್ಟು, "ಈಗಲೇ ಹೋಗಿ ಮೇಲಿನವರಿಗೆ ಹೇಳಿಬಿಡಿ. ಮಧ್ಯಾಹ್ನದ ಹೊತ್ತಿಗೆ ಆ ತಪ್ಪು ಇನ್ನೂ ದಪ್ಪಗಾಗಿರುತ್ತೆ" ಎಂದರು. ನನ್ನ ಜೊತೆಗೆ ಮೆಟ್ಟಿಲಿಳಿದು ಬಂದು, ನಾನು ಹೇಳಿ ಮುಗಿಸುವವರೆಗೆ ಬಾಗಿಲ ಹೊರಗೆ ನಿಂತಿದ್ದರು.

ಅವರ ಸೇವೆಯ ಇಪ್ಪತ್ತನೆಯ ವರ್ಷದಲ್ಲಿ, ಒಂದು ಮಂಗಳವಾರದ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ದೊಡ್ಡ ನಗರದ ಅಂಚಿನಲ್ಲಿರುವ ಹಳೆಯ ಕಾಲುವೆ ರಸ್ತೆಯ ದೀಪದಂಗಡಿಯೊಂದಕ್ಕೆ ಬೆಂಕಿ ಬಿತ್ತು. ಆ ರಸ್ತೆಯ ಪಡುವಣ ಸಾಲು ನಗರದ್ದು. ಮೂಡಣ ಸಾಲಿನ ಹಿಂದೆಯೇ ಒಂದು ಪುಟ್ಟ ಪಟ್ಟಣ ಶುರುವಾಗುತ್ತದೆ. ದೀಪದಂಗಡಿಯಿದ್ದದ್ದು ಮೂಡಣ ಸಾಲಿನಲ್ಲಿ. ನಗರದ ಅಗ್ನಿಶಾಮಕ ಠಾಣೆ ಎರಡು ಮೈಲಿಗಿಂತ ಕಡಿಮೆ ದೂರ. ಆದರೆ ಆ ಠಾಣೆಯವರ ಪಟ್ಟಿಯ ಪ್ರಕಾರ ಆ ಸಾಲು ಪಟ್ಟಣಕ್ಕೆ ಸೇರಿದ್ದು. ಕರೆ ಬಂದಾಗ ಪಟ್ಟಣಕ್ಕೆ ತಿಳಿಸಿದರು. ಪಟ್ಟಣದ ಠಾಣೆಯೋ, ನಡೆಸುವ ಶಕ್ತಿಯಿಲ್ಲದೆ ನಾಲ್ಕು ವರ್ಷಗಳ ಹಿಂದೆಯೇ ಬಾಗಿಲು ಹಾಕಿತ್ತು. ದೂರದ ಮೂರನೆಯ ಊರಿನಿಂದ ವಾಹನ ಬಂದು ಸೇರಲು ಐವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಂಗಡಿ ಸುಟ್ಟು ಕರಕಲಾಗಿತ್ತು. ಮಾಳಿಗೆಯಲ್ಲಿ ಮಲಗಿದ್ದ, ಅಂಗಡಿಯಾಕೆಯ ವೃದ್ಧ ತಾಯಿಯನ್ನು ಪಕ್ಕದ ಹಾಸಿಗೆ ವ್ಯಾಪಾರಿಯೂ ಎದುರಿನ ಬೀಗದ ಕೈ ಮಾಡುವವನೂ ಹೊತ್ತು ತಂದರು. ಜೀವ ಉಳಿಯಿತು; ಉಸಿರು ಮಾತ್ರ ಮತ್ತೆಂದೂ ಮೊದಲಿನಂತಾಗಲಿಲ್ಲ.

ಒಂಬತ್ತು ದಿನಗಳ ನಂತರ ಆ ಅಂಗಡಿಯಾಕೆ ನಮ್ಮ ಕಚೇರಿಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಒಂದು ಕೈಗೆ ಪಟ್ಟಿ ಕಟ್ಟಿತ್ತು. ಕೌಂಟರಿನಿಂದ ಕೌಂಟರಿಗೆ ಅಲೆಸಿಕೊಂಡು ಕೊನೆಗೆ ಮೂರನೆಯ ಮಹಡಿಗೆ ಹತ್ತಿದಾಗ ನಾನು ಯಾವುದೋ ಕೆಲಸಕ್ಕೆ ಅಲ್ಲೇ ಇದ್ದೆ. ಆಕೆ ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು, ಅಂಚು ಸುಟ್ಟ ನಮ್ಮದೇ ಮಾರಾಟ ತೆರಿಗೆಯ ಪರವಾನಗಿ. ಅದರಲ್ಲಿ ಊರು ಎಂಬಲ್ಲಿ ನಗರದ ಹೆಸರಿತ್ತು. ಇನ್ನೊಂದು, ಠಾಣೆಯವರು ಕೊಟ್ಟ ಪತ್ರ. ಅದರಲ್ಲಿ ಪಟ್ಟಣದ ಹೆಸರು.

"ನಾನು ಗಿರಾಕಿಗಳ ಹತ್ರ ತೆರಿಗೆ ಇಸ್ಕೊಂಡು ಒಂದು ತಿಂಗಳೂ ತಪ್ಪಿಸದೆ ನಿಮಗೆ ತಂದು ಕಟ್ಟಿದೀನಿ," ಎಂದರು ಆಕೆ. ಕೂಗಾಡಲಿಲ್ಲ, ದನಿ ಕುಸಿದುಹೋಗಿತ್ತು. "ತೆರಿಗೆ ಕಟ್ಟೋವಾಗ ನಾನು ನಗರದವಳು. ಬೆಂಕಿ ಬಿದ್ದಾಗ ಪಟ್ಟಣದವಳು. ನೀವೇ ಹೇಳಿ ತಾಯಿ, ನಾನು ಯಾವೂರಿನವಳು?"

ಅಂಥ ಪ್ರಶ್ನೆಗಳಿಗೆ ನಮ್ಮ ಕಚೇರಿಯಲ್ಲಿ ಸಿದ್ಧ ಉತ್ತರವಿತ್ತು: ಅರ್ಜಿ ಕೊಡಿ, ಪರಿಶೀಲಿಸುತ್ತೇವೆ. ಗಡಿಯಮ್ಮನವರು ಅದನ್ನು ಹೇಳಲಿಲ್ಲ. ಎರಡು ಕಾಗದಗಳನ್ನೂ ಬಹಳ ಹೊತ್ತು ನೋಡಿ, "ನನಗೆ ಗೊತ್ತಿಲ್ಲಮ್ಮ. ಗೊತ್ತಿರಬೇಕಿತ್ತು. ತಿಳ್ಕೊಂಡು ನಾನೇ ನಿಮ್ಮ ಹತ್ರ ಬಂದು ಹೇಳ್ತೀನಿ" ಎಂದರು. ಆಕೆ ಹೋದ ಮೇಲೆ ಡ್ರಾಯರಿನಿಂದ ಆ ಭಾಗದ ನಕ್ಷೆಯನ್ನು ತೆಗೆದರು. ರಸ್ತೆಯ ಪೂರ್ವಕ್ಕೆ, ಅಂಗಡಿಗಳ ಹಿತ್ತಲಿನಲ್ಲಿ ಹೋಗುವ ಮುಚ್ಚಿದ ಚರಂಡಿಯ ಉದ್ದಕ್ಕೂ ಗಡಿಯ ಕೆಂಪು ಗೆರೆ ಎಳೆದಿತ್ತು. ಕೆಳಗಿನ ಮೂಲೆಯ ಸಹಿ ಅವರದೇ. ಕೆಲಸಕ್ಕೆ ಸೇರಿದ ಮೊದಲ ವರ್ಷದ್ದು.

ಇಷ್ಟು ವರ್ಷ ಯಾರ ಕಣ್ಣಿಗೂ ಈ ಗೊಂದಲ ಬೀಳದಿದ್ದುದಕ್ಕೆ ಕಾರಣ ಸರಳ. ನಗರದ ದರವೂ ಪಟ್ಟಣದ ದರವೂ ಒಂದೇ ಆಗಿತ್ತು, ನೂರಕ್ಕೆ ಎರಡು. ದರ ಬೇರೆಯಾಗಿದ್ದರೆ ಯಾರಾದರೂ ಒಬ್ಬ ಗಿರಾಕಿ ರಸೀದಿ ಹಿಡಿದು ಜಗಳವಾಡುತ್ತಿದ್ದ. ಕೊಡುವವರಿಗೂ ವ್ಯತ್ಯಾಸವಿಲ್ಲ, ವಸೂಲಿ ಮಾಡುವವರಿಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಾದದ್ದು ಪಡೆಯಬೇಕಾದ ಊರಿಗೆ ಮಾತ್ರ, ಆ ಊರಿಗೋ ತನಗೆ ಬಾರದೆ ಇರುವುದು ಏನೆಂಬುದೇ ತಿಳಿದಿರಲಿಲ್ಲ.

ಮುಂದಿನ ಹನ್ನೊಂದು ದಿನ ಅವರಿಗೆ ಆ ರಸ್ತೆಯದೇ ಕೆಲಸ. ದಿನವಿಡೀ ಬಸ್ಸಿನ ಪ್ರಯಾಣವಿರುವ ಭೂದಾಖಲೆ ಕಚೇರಿಗೆ ಹೋಗಿ, ನೂರು ವರ್ಷ ಹಿಂದಿನ ಹಾಳೆಯನ್ನು ಕೈಯಾರೆ ನಕಲು ಮಾಡಿಕೊಂಡು ಬಂದರು. ಗಡಿ "ಕಾಲುವೆಯ ನಡುಗೆರೆ" ಎಂದು ಅದರಲ್ಲಿತ್ತು. ಆದರೆ ಕಾಲುವೆಯೆಲ್ಲಿ? ರಸ್ತೆ ಮಾಡುವಾಗ ಹಳೆಯದನ್ನು ಮುಚ್ಚಿ, ನೀರನ್ನು ಹೊಸ ಚರಂಡಿಗೆ ತಿರುಗಿಸಿದ್ದರು. ನೀರು ಪಥ ಬದಲಿಸಿತ್ತು, ಗಡಿ ಬದಲಿಸಿರಲಿಲ್ಲ. ಹಳೆಯ ಕಾಲುವೆ ಎಲ್ಲಿತ್ತೆಂಬುದನ್ನು ಇಟ್ಟಿಗೆ ಗಾರೆಗಳ ಕೆಳಗೆ ಹುಡುಕಬೇಕಿತ್ತು. ಅಳತೆ ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅವರ ಯಜಮಾನರ ಕೈಯಲ್ಲಿ. ಗಡಿಯಾರ ರಿಪೇರಿ ಮಾಡುವ ಆ ಸಮಾಧಾನದ ಮನುಷ್ಯ ತಮ್ಮ ಅಂಗಡಿಗೆ ಬೀಗ ಹಾಕಿಕೊಂಡು ಬಂದಿದ್ದರು. ಕಚೇರಿ ಅವರಿಗೆ ಸಹಾಯಕರನ್ನು ಕೊಟ್ಟಿರಲಿಲ್ಲ. ನಾನು ಮಧ್ಯಾಹ್ನದ ಊಟದ ವೇಳೆಯಲ್ಲಿ ಹೋಗಿ ಅಂಕಿ ಬರೆದುಕೊಳ್ಳುತ್ತಿದ್ದೆ.

ಹನ್ನೊಂದನೆಯ ದಿನ ನಡೆದುದನ್ನು ನಾನು ಮರೆತರೆ ನನ್ನ ಕಣ್ಣುಗಳಿಗೆ ಅವಮಾನ. ಅಂದು ರಸ್ತೆಯ ಪಡುವಣ ಸಾಲಿನ ಹಾಸಿಗೆ ಗೋದಾಮಿನ ನೆಲಮಾಳಿಗೆಗೆ ಇಳಿದೆವು. ಹಾಸಿಗೆ ವ್ಯಾಪಾರಿ ಟಾರ್ಚು ಹಿಡಿದು ಮುಂದೆ, ಅವನ ಹಿಂದೆ ಅವರು, ಆಮೇಲೆ ಯಜಮಾನರು, ಕೊನೆಗೆ ನಾನು. ಒಳಗಿನ ಮೂರು ಗೋಡೆ ಇಟ್ಟಿಗೆಯವು, ನೆಟ್ಟಗೆ. ನಾಲ್ಕನೆಯದಕ್ಕೆ ಹಾಸಿಗೆಗಳನ್ನು ಒರಗಿಸಿತ್ತು. "ಅದು ಯಾವಾಗಲೂ ಒದ್ದೆ ಕಣಮ್ಮ, ಎಷ್ಟು ಸಲ ಗಾರೆ ಹಾಕಿಸಿದ್ರೂ ನಿಲ್ಲಲ್ಲ" ಎಂದು ವ್ಯಾಪಾರಿ ಗೊಣಗುತ್ತ ಹಾಸಿಗೆಗಳನ್ನು ಸರಿಸಿದ. ಗಾರೆ ಉದುರಿದ ಕಡೆ ಕಲ್ಲು ಕಂಡಿತು. ಒಬ್ಬೊಬ್ಬ ಮನುಷ್ಯನಷ್ಟು ಉದ್ದದ, ಒಂದರ ಮೇಲೊಂದು ಇಳಿಜಾರಾಗಿ ಕೂರಿಸಿದ ಕಲ್ಲುಗಳು. ನೀರು ತೀಡಿ ತೀಡಿ ನುಣುಪಾದ ಅಂಚುಗಳು. ಎದೆಯ ಮಟ್ಟದಲ್ಲಿ, ತುಕ್ಕು ಹಿಡಿದ ಒಂದು ಕಬ್ಬಿಣದ ಬಳೆ. ದೋಣಿ ಕಟ್ಟುವ ಬಳೆ.

ನಾವು ನಿಂತಿದ್ದುದು ಕಾಲುವೆಯ ಒಳಗೆ. ನಮ್ಮ ತಲೆಯ ಮೇಲೆ ಜನ ಓಡಾಡುವ ಸದ್ದು ಕೇಳುತ್ತಿತ್ತು. ಯಾರೋ ಬೆಲೆ ಚೌಕಾಶಿ ಮಾಡುತ್ತಿದ್ದರು. ಒಂದು ಶತಮಾನದ ಹಿಂದೆ ಸಾಮಾನು ತುಂಬಿದ ದೋಣಿಗಳು ತೇಲುತ್ತಿದ್ದ ಜಾಗದಲ್ಲಿ ನಾಲ್ಕು ಜನ ನಿಂತಿದ್ದೆವು. ಅವರು ಆ ಒದ್ದೆ ಕಲ್ಲಿನ ಮೇಲೆ ಅಂಗೈಯಿಟ್ಟರು. ಹಳೆಯ ಹಾಳೆಯಲ್ಲಿದ್ದ ಕಾಲುವೆಯ ಅಗಲವನ್ನು ಹಿಡಿದು, ಯಜಮಾನರು ಆ ದಡದ ಕಲ್ಲಿನಿಂದ ಟೇಪು ಎಳೆದು ನಡುಗೆರೆಯ ಅಳತೆ ತೆಗೆದರು. ಅದು ರಸ್ತೆಯ ಪಡುವಣ ಅಂಚಿಗೆ ಬಿತ್ತು. ಎಂದರೆ ದೀಪದಂಗಡಿಯೂ ಅದರ ಆಚೀಚಿನ ಮೂವತ್ತಾರು ಅಂಗಡಿಗಳೂ ಮೊದಲಿನಿಂದಲೂ ಪಟ್ಟಣದವು. ಅವರು ಎಳೆದ ಗೆರೆಯ ಕಾರಣಕ್ಕೆ ಹತ್ತೊಂಬತ್ತು ವರ್ಷ ಅವುಗಳ ಪಾಲು ನಗರಕ್ಕೆ ಹೋಗಿತ್ತು.

"ಗಡಿ ಇಲ್ಲಿದೆ," ಎಂದರು. ಕಲ್ಲಿನಿಂದ ಕೈ ತೆಗೆಯುತ್ತ, "ತಪ್ಪು ನಂದು" ಎಂದರು.

ಮೇಲೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವರು ನಮಗೆ ಹೇಳಿದ್ದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಇನ್ನೂರ ಹದಿನಾಲ್ಕು ಊರುಗಳ ನಕ್ಷೆಯನ್ನು ಆರು ವಾರದಲ್ಲಿ ಮುಗಿಸಬೇಕೆಂದು ಅಂದಿನ ಮುಖ್ಯಸ್ಥರು ಅವಸರ ಮಾಡಿದ್ದರಂತೆ. ಹಳೆಯ ಹಾಳೆಯೊಂದು ಭೂದಾಖಲೆ ಕಚೇರಿಯಲ್ಲಿದೆಯೆಂದು ಅವರಿಗೆ ಆಗಲೇ ಗೊತ್ತಿತ್ತು. "ಅವಸರ ಇತ್ತು ಅನ್ನೋದು ನಿಜ. ಆದರೆ ಒಂದು ದಿನ ರಜೆ ಹಾಕಿ ಹೋಗಿ ಬರಬಹುದಿತ್ತು. ದಿನವೆಲ್ಲ ಬಸ್ಸಲ್ಲಿ ಕೂರೋಕೆ ಬೇಜಾರಾಯ್ತು. ಚರಂಡಿ ಕಣ್ಣಿಗೆ ಕಾಣ್ತಿತ್ತು, ಅದನ್ನೇ ಕಾಲುವೆ ಅಂದ್ಕೊಂಡು ಎಳೆದುಬಿಟ್ಟೆ. ಅಷ್ಟೇ."

ನಾನು ಆಗ ಆಡಿದ ಮಾತನ್ನೂ ಬರೆಯಬೇಕು. "ಮೇಡಂ, ಇದು ನಮ್ಮ ನಾಲ್ವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬರುವ ತಿಂಗಳಿನಿಂದ ಗೆರೆ ಸರಿಮಾಡಿ, ಗಡಿ ಪರಿಷ್ಕರಣೆ ಅಂತ ಬರೆದರೆ ಸಾಕು. ಹಿಂದಿನದನ್ನ ಕೆದಕಿದರೆ ನಿಮ್ಮ ಬಡ್ತಿ ಹೋಗುತ್ತೆ," ಎಂದೆ. ಅವರ ಬಡ್ತಿಯ ಆದೇಶ ಆ ತಿಂಗಳೇ ಹೊರಡುವುದರಲ್ಲಿತ್ತು. ಅವರು ನನ್ನ ಕೈಯಿಂದ ಅಂಕಿಗಳ ಹಾಳೆಯನ್ನು ತೆಗೆದುಕೊಂಡು ತಮ್ಮ ಚೀಲಕ್ಕಿಟ್ಟರು. ಬಾಗಿಲ ಹೊರಗೆ ನನಗಾಗಿ ನಿಂತವರಿಗೆ ನಾನು ಇಂಥ ಸಲಹೆ ಕೊಟ್ಟೆನೆಂಬುದು ಮನೆಗೆ ಹೋದ ಮೇಲೆ ಹೊಳೆದು ಊಟ ಸೇರಲಿಲ್ಲ. ಯಜಮಾನರು ಮಾತ್ರ ಟೇಪು ಸುತ್ತುತ್ತ, "ಹಾಗಾದ್ರೆ ಮನೆಗೆ ಬಣ್ಣ ಹೊಡೆಸೋದು ಮುಂದಕ್ಕೆ ಹೋಯ್ತು, ಅಷ್ಟೇ ತಾನೆ?" ಎಂದಿದ್ದರು.

ಮರುದಿನ ಅವರು ಎರಡೇ ಪುಟದ ವರದಿಯನ್ನು ಸಲ್ಲಿಸಿದರು. ನಮ್ಮ ಕಚೇರಿಯ ವರದಿಗಳಲ್ಲಿ ತಪ್ಪುಗಳು ಸಾಮಾನ್ಯವಾಗಿ ತಾವಾಗಿಯೇ ಸಂಭವಿಸುತ್ತವೆ, ಮಾಡಿದವರು ಇರುವುದಿಲ್ಲ. ಆ ವರದಿಯ ಮೊದಲ ವಾಕ್ಯದ ಕರ್ತೃವೇ "ನಾನು" ಎಂದಿತ್ತು. ಮುಖ್ಯಸ್ಥರು ಅದನ್ನು ಮೃದುಗೊಳಿಸಲು ಎರಡು ಸಲ ಹಿಂದಿರುಗಿಸಿದರು. ಎರಡು ಸಲವೂ ಅದು ಅಕ್ಷರ ಬದಲಾಗದೆ ಅವರ ಮೇಜಿಗೆ ಮರಳಿತು. ಕೊಟ್ಟ ಮಾತಿನಂತೆ ದೀಪದಂಗಡಿಯಾಕೆಯ ಬಾಡಿಗೆ ಮನೆಗೆ ಹೋಗಿ, ಆಕೆಯ ತಾಯಿಯ ಮಂಚದ ಪಕ್ಕ ಕೂತು, "ನೀವು ಪಟ್ಟಣದವರು. ನಗರದವರು ಅಂತ ತಪ್ಪಾಗಿ ಬರೆದದ್ದು ನಾನು" ಎಂದು ಹೇಳಿ ಬಂದರು. ಅಂಗಡಿಯಾಕೆ ಎದ್ದು ಒಳಗೆ ಹೋದರಂತೆ. ಮುದುಕಿ ಮಾತ್ರ ಏದುಸಿರಿನ ನಡುವೆ, "ಇಷ್ಟು ದೂರ ನಡ್ಕೊಂಡೇ ಬಂದ್ಯಾ ಮಗಳೇ?" ಎಂದು ಕೇಳಿದರಂತೆ.

ಆಮೇಲೆ ಪಟ್ಟಣದ ಸಭೆ. ಯಾರೂ ಅವರನ್ನು ಕರೆದಿರಲಿಲ್ಲ. ತಾವೇ ಸಮಯ ಕೇಳಿ ಪಡೆದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಮರದ ಬೆಂಚುಗಳ ಆ ಉದ್ದನೆಯ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಬೆಂಕಿಯ ಕಥೆ ಎಲ್ಲರಿಗೂ ಗೊತ್ತಿತ್ತು, ಸಿಟ್ಟೂ ಇತ್ತು. "ನಮ್ಮ ಠಾಣೆ ಮುಚ್ಚಿದ್ದು ನಿಮ್ಮಿಂದ!" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು. ಅವರು, "ಹೌದು, ಅದರಲ್ಲಿ ನನ್ನ ಪಾಲಿದೆ" ಎಂದುಬಿಟ್ಟರು. ಕೂಗಿದವರು ಕೂತುಬಿಟ್ಟರು.

ಆಗ ಅವರು ಚೀಲದಿಂದ ಒಂದು ಮೇಜಿನ ದೀಪವನ್ನು ತೆಗೆದು ಎಲ್ಲರಿಗೂ ಕಾಣುವಂತಿಟ್ಟು ವಿವರಿಸತೊಡಗಿದರು. ಇದನ್ನು ಕಾರ್ಖಾನೆ ಸಗಟು ವ್ಯಾಪಾರಿಗೆ ಮಾರಿದಾಗ ಮಾರಾಟ ತೆರಿಗೆಯಿಲ್ಲ. ಸಗಟು ವ್ಯಾಪಾರಿ ಅಂಗಡಿಗೆ ಮಾರಿದಾಗಲೂ ಇಲ್ಲ, ಏಕೆಂದರೆ ಅವರು ಮರುಮಾರಾಟಕ್ಕೆ ಕೊಳ್ಳುತ್ತೇವೆಂದು ಪ್ರಮಾಣಪತ್ರ ಕೊಡುತ್ತಾರೆ. ಕೊನೆಗೆ ನಿಮ್ಮ ಮನೆಯಲ್ಲಿ ಉರಿಸಲು ನೀವು ಕೊಂಡಾಗಲೇ ತೆರಿಗೆ. ಬೆಲೆ ನೂರಾದರೆ ಐದು ರಾಜ್ಯಕ್ಕೆ, ಎರಡು ಊರಿಗೆ. ಅಂಗಡಿಯಲ್ಲೇ ಕೈಗೆತ್ತಿಕೊಂಡರೆ ಅಂಗಡಿಯ ಊರಿಗೆ. ಮನೆಗೆ ತಲುಪಿಸಿ ಎಂದರೆ, ನಮ್ಮ ರಾಜ್ಯದ ಕಾನೂನಿನಲ್ಲಿ, ಮನೆಯ ಊರಿಗೆ. ಆ ಎರಡು ಹೇಗೆ ಇಲಾಖೆಗೆ ಬಂದು, ಯಾವ ನಕ್ಷೆ ನೋಡಿ, ಯಾವ ಕೋಣೆಯಿಂದ ಮರಳಿ ಬರುತ್ತದೆ, ತಮ್ಮ ಗೆರೆಯಿಂದ ಅದು ಎಲ್ಲಿ ದಾರಿ ತಪ್ಪಿತು, ಎಲ್ಲವನ್ನೂ ಒಂದು ಕಠಿಣ ಪದವಿಲ್ಲದೆ ಹೇಳಿದರು. ಕೊನೆಗೆ, ಕೇಳಲು ಎಲ್ಲಕ್ಕಿಂತ ಕಷ್ಟವಾದ ಮಾತನ್ನೂ ಮುಚ್ಚಿಡಲಿಲ್ಲ: ಕಾನೂನಿನ ಪ್ರಕಾರ ಹಿಂದಿನ ಮೂರು ವರ್ಷಗಳದ್ದನ್ನು ಮಾತ್ರ ಮರಳಿ ಕೇಳಬಹುದು, ಉಳಿದ ಹದಿನಾರು ವರ್ಷಗಳದ್ದು ಎಂದಿಗೂ ಬಾರದು.

ಹದಿನೈದು ವರ್ಷ ಇಲಾಖೆಯಲ್ಲಿದ್ದೂ ನಾನು ಹಾಗೆ ತೆರಿಗೆಯನ್ನು ಕಂಡಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಯಾರೋ ಒಬ್ಬಾಕೆ ಓದಲೆಂದು ಕೊಂಡ ಒಂದು ದೀಪ, ಗೊತ್ತೇ ಇಲ್ಲದ ಒಂದು ಮನೆಯ ಬೆಂಕಿಯನ್ನು ಆರಿಸುವ ನೀರಿಗೆ ಒಂದು ಹನಿ ಸೇರಿಸುತ್ತದೆ; ಕೊಟ್ಟವರೂ ಪಡೆದವರೂ ಪರಸ್ಪರ ಮುಖ ನೋಡುವುದಿಲ್ಲ. ನಾನು ದಿನವೂ ಸಹಿ ಹಾಕುತ್ತಿದ್ದ ಹಾಳೆಗಳಲ್ಲಿ ಇಷ್ಟೊಂದು ಜನರಿದ್ದರೇ ಎಂದು ಆ ಬೆಂಚಿನ ಮೇಲೆ ಕೂತು ಬೆರಗಾದೆ.

ಮುಂದಿನ ಸಾಲಿನಲ್ಲಿ ಕೂತಿದ್ದ, ಮುಚ್ಚಿದ ಠಾಣೆಯ ಕೊನೆಯ ಚಾಲಕರಾಗಿದ್ದ ವಯಸ್ಸಾದವರು ಎದ್ದು, "ಇದನ್ನ ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?" ಎಂದು ಕೇಳಿದರು.

"ಇಲ್ಲ."

"ಮತ್ತೆ ಯಾಕೆ ಹೇಳಿದ್ರಿ?"

ಅವರು, "ದೀಪದಂಗಡಿಯವರು ‘ನಾನು ಯಾವೂರಿನವಳು’ ಅಂತ ಕೇಳಿದ್ರು. ಅದಕ್ಕೆ ಅರ್ಧ ಉತ್ತರ ಕೊಡೋಕೆ ಬರಲ್ಲ" ಎಂದರು.

ಚಪ್ಪಾಳೆಯೇನೂ ಬೀಳಲಿಲ್ಲ. ಜನ ಒಬ್ಬೊಬ್ಬರಾಗಿ ಮುಂದೆ ಬಂದು ಪ್ರಶ್ನೆ ಕೇಳತೊಡಗಿದರು: ಔಷಧಿಗೆ ಯಾಕಿಲ್ಲ, ಹೊರ ಊರಿನಿಂದ ತರಿಸಿದರೆ ಹೇಗೆ, ಹಳೆಯ ಕುರ್ಚಿ ಮಾರಿದರೆ ಉಂಟೇ ಎಂದು. ಮಧ್ಯಾಹ್ನ ಎರಡಾದರೂ ಸಾಲು ಕರಗಲಿಲ್ಲ. ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದವನು, ತಾನೂ ಸಾಲಿನಲ್ಲಿ ನಿಂತು ತನ್ನ ಮಗಳ ಬಳೆಯಂಗಡಿಯ ಬಗ್ಗೆ ಕೇಳಿದ.

ನಗರ ಸುಲಭವಾಗಿ ಒಪ್ಪಲಿಲ್ಲ. ಎಂಟು ತಿಂಗಳ ವಿಚಾರಣೆ ನಡೆಯಿತು. ನಗರದ ವಕೀಲರು ಅವರ ತಪ್ಪನ್ನೇ ಅವರಿಗೆದುರಾಗಿ ಹಿಡಿದು, ಒಮ್ಮೆ ತಪ್ಪಿದವರ ಅಳತೆಯನ್ನು ಮತ್ತೆ ಹೇಗೆ ನಂಬುವುದೆಂದು ಕೇಳಿದರು. "ನಂಬಬೇಡಿ, ಬನ್ನಿ, ನೀವೇ ಅಳೀರಿ" ಎಂದರು ಅವರು. ವಿಚಾರಣಾಧಿಕಾರಿಯೂ ವಕೀಲರೂ ಹೊಳೆಯುವ ಬೂಟುಗಳಲ್ಲಿ ಆ ನೆಲಮಾಳಿಗೆಗೆ ಇಳಿದರು. ಹತ್ತು ನಿಮಿಷದ ನಂತರ ಮೇಲೆ ಬಂದಾಗ ವಕೀಲರ ದನಿ ತಗ್ಗಿತ್ತು. ಆದೇಶ ಪಟ್ಟಣದ ಪರವಾಯಿತು. ಮೂರು ವರ್ಷಗಳ ಪಾಲು ಮರಳಿತು, ಮುಂದಿನದು ಸರಿಯಾದ ದಾರಿ ಹಿಡಿಯಿತು. ಅದಾಗಿ ಆರು ತಿಂಗಳಿಗೆ ಪಟ್ಟಣದ ಠಾಣೆಯ ಬಾಗಿಲು ತೆರೆಯಿತು. ವಾಹನ ಒಂದೇ, ಅದೂ ಹಳೆಯದು, ಆದರೆ ಕರೆದರೆ ಏಳು ನಿಮಿಷದಲ್ಲಿ ಬರುವಂಥದು. ಆ ಮೊದಲ ವರ್ಷವೇ ಅದು ಹದಿಮೂರು ಕರೆಗಳಿಗೆ ಓಡಿತೆಂದು ಠಾಣೆಯ ಗೋಡೆಯ ಹಲಗೆಯ ಮೇಲೆ ಓದಿದ್ದೇನೆ. ದೀಪದಂಗಡಿ ಅದೇ ಜಾಗದಲ್ಲಿ ಮತ್ತೆ ಎದ್ದಿತು. ಆಕೆಯ ತಾಯಿ ಅದನ್ನು ನೋಡಲು ಉಳಿದಿರಲಿಲ್ಲ. ಅಂಗಡಿಯಾಕೆ ಗಡಿಯಮ್ಮನವರೊಡನೆ ಮಾತಾಡಲು ಮತ್ತೆರಡು ವರ್ಷ ಹಿಡಿಯಿತು. ಅದನ್ನು ಅವರು ಎಂದೂ ಅನ್ಯಾಯವೆನ್ನಲಿಲ್ಲ.

ಅವರ ಬಡ್ತಿ ನಿಂತಿತು. ಶಿಕ್ಷೆಯೆಂದು ಅವರನ್ನು ಜನರ ಪ್ರಶ್ನೆಗಳಿಗೆ ಉತ್ತರಿಸುವ ನೆಲಮಹಡಿಯ ವಿಚಾರಣೆ ಕೌಂಟರಿಗೆ ಹಾಕಿದರು. ಅಲ್ಲಿ ಅವರು ಕೂತ ಮೂರು ವರ್ಷ ನಮ್ಮ ಕಚೇರಿಯ ಮೇಲೆ ಬರುವ ದೂರುಗಳು ಎಷ್ಟು ಇಳಿದವೆಂದರೆ, ದೂರು ವಿಭಾಗದವರೇ ಅವರನ್ನು ಮರಳಿ ಮೇಲೆ ಕಳಿಸಿ ಎಂದು ಮನವಿ ಮಾಡಿದರೆಂಬ ತಮಾಷೆ ಹುಟ್ಟಿಕೊಂಡಿತು. ನಕ್ಷೆಯ ಕೋಣೆಗೆ ಹಿಂದಿರುಗಿದ ದಿನ ಅವರು ಮಾಡಿದ ಮೊದಲ ಕೆಲಸ, ತಮ್ಮ ಮೊದಲ ವರ್ಷದ ಗೆರೆಗಳನ್ನೆಲ್ಲ ಒಂದೊಂದಾಗಿ ಮತ್ತೆ ನಡೆಯಲು ಹೊರಟದ್ದು. ಹತ್ತು ವರ್ಷ ಹಿಡಿಯಿತು. ಇನ್ನೂ ಎರಡು ತಪ್ಪುಗಳು ಸಿಕ್ಕವು, ಸಣ್ಣವು. ಎರಡನ್ನೂ ಸಿಕ್ಕ ದಿನವೇ ವರದಿ ಮಾಡಿದರು. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥ ಹುದ್ದೆ ಖಾಲಿಯಾಗಿ, ಅದಕ್ಕೆ ಇನ್ನೊಂದು ಹೆಸರನ್ನು ಯಾರೂ ಸೂಚಿಸಲೇ ಇಲ್ಲ.

ಈಗ ಅವರು ನಿವೃತ್ತರಾಗುತ್ತಿದ್ದಾರೆಂಬ ಮಾತನ್ನು ನಾನು ಪೂರ್ತಿ ನಂಬುತ್ತಿಲ್ಲ. ಉತ್ತರದ ಎರಡು ಊರುಗಳು ನಲವತ್ತು ವರ್ಷಗಳಿಂದ ಒಂದು ಗುಡ್ಡದ ಸುತ್ತಲಿನ ಗಡಿಗಾಗಿ ಹೊಡೆದಾಡುತ್ತಿವೆ. ಈವರೆಗೆ ಯಾವ ವಿಷಯದಲ್ಲೂ ಒಂದಾಗದ ಆ ಎರಡು ಸಭೆಗಳು ಅಳತೆಗೆ ಯಾರನ್ನು ಕರೆಯಬೇಕೆಂಬುದರಲ್ಲಿ ಒಂದೇ ವಾರದಲ್ಲಿ ಒಂದಾಗಿವೆ. ಅವರು ಬರುವ ಸೋಮವಾರ ಹೊರಡುತ್ತಾರೆ. ಯಜಮಾನರು ಗಡಿಯಾರದಂಗಡಿಯ ಬಾಗಿಲಿಗೆ ರಜೆಯ ಚೀಟಿಯನ್ನು ಈಗಾಗಲೇ ಅಂಟಿಸಿದ್ದಾರೆ.

ಇದು ತಿಳಿದು ನಾವು ಸಹೋದ್ಯೋಗಿಗಳೆಲ್ಲ ಸೇರಿ ಅವರಿಗೊಂದು ಜೊತೆ ಗಟ್ಟಿ ಬೂಟು ಕೊಂಡು ತಂದೆವು. ಪೆಟ್ಟಿಗೆ ತೆರೆದವರು ಬೂಟುಗಳನ್ನು ಬದಿಗಿಟ್ಟು ತಳದಲ್ಲಿದ್ದ ರಸೀದಿಯನ್ನು ಕೈಗೆತ್ತಿಕೊಂಡರು. ಕನ್ನಡಕ ಹಾಕಿಕೊಂಡು ಅಂಗಡಿಯ ವಿಳಾಸ ಓದಿದರು, ದರ ಓದಿದರು, ಕಣ್ಣು ಮುಚ್ಚಿ ಒಂದು ಕ್ಷಣ ಮನಸ್ಸಿನಲ್ಲೇ ಆ ಬೀದಿಯಲ್ಲಿ ನಡೆದು ಬಂದರೆಂದು ಕಾಣುತ್ತದೆ. "ಸರಿಯಾಗಿದೆ" ಎಂದು ರಸೀದಿಯನ್ನು ಮಡಿಸಿ ನನ್ನ ಕೈಗಿತ್ತು, ಆಮೇಲೆಯೇ ಬೂಟಿನೊಳಗೆ ಕಾಲು ತೂರಿಸಿದರು.

ಆ ಬೂಟುಗಳು ಬೇಗ ಸವೆಯಲಿ, ಅವುಗಳ ನಂತರ ಇನ್ನೂ ಎಷ್ಟೋ ಜೊತೆ ಸವೆಯಲಿ. ತೊಟ್ಟವರು ಸವೆಯದೆ, ಟೇಪಿನ ಇನ್ನೊಂದು ತುದಿ ಹಿಡಿದವರೊಡನೆ, ನಮ್ಮ ಊರುಗಳ ಅಂಚುಗಳಲ್ಲಿ ಬಹುಕಾಲ ನಡೆಯುತ್ತಿರಲಿ.